ಎರಡನೇ ಲೆಫ್ಟ್: ಕನ್ನಡದ ಚಲನವಾಕ್ಯಗಳಲ್ಲಿ ಇಂಗ್ಲಿಷ್ ತಿರುವುಪದಗಳು

ವಿದ್ಯಾರಣ್ಯಪುರದ ಕೊನೆಯ ಬಸ್ ನಿಲ್ದಾಣದ ಬಳಿ ಆಟೋ ಹತ್ತಿದವರು ಚಾಲಕನಿಗೆ ದಾರಿ ಹೇಳುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: ‘ಸ್ಟ್ರೈಟ್ ಹೋಗಿ, ಎರಡನೇ ಲೆಫ್ಟ್ ತಗೊಳ್ಳಿ, ಸರ್ಕಲ್ ದಾಟಿ ರೈಟಿಗೆ ತಿರುಗಿಸಿ.’ ಇಂಥ ಮಾತನ್ನು ಮುಂದಿಟ್ಟುಕೊಂಡು, ಚಲನೆಯನ್ನು ಹೇಳುವ ಕನ್ನಡ ಪದಗಳು ಇಂಗ್ಲಿಷಿಗೆ ಜಾಗ ಬಿಟ್ಟುಕೊಡುತ್ತಿವೆಯೆಂದು ತೀರ್ಮಾನಿಸುವುದುಂಟು. ಎರವಲುಗಳನ್ನು ಕೇವಲ ಎಣಿಸಿದರೆ ಹಾಗೆಯೇ ತೋರುತ್ತದೆ. ಅವು ವಾಕ್ಯದ ಯಾವ ಸ್ಥಾನದಲ್ಲಿ ನಿಂತಿವೆಯೆಂಬುದನ್ನು ಪರಿಶೀಲಿಸಿದರೆ ಈ ತೀರ್ಮಾನ ನಿಲ್ಲುವುದಿಲ್ಲವೆಂಬುದು ನಮ್ಮ ವಾದ.

ಲೆನರ್ಡ್ ಟಾಲ್ಮಿ 1985ರಲ್ಲಿ ಮಂಡಿಸಿ ಮುಂದೆ ಬೆಳೆಸಿದ ವರ್ಗೀಕರಣದಲ್ಲಿ ಇಂಗ್ಲಿಷು ಚಲನೆಯ ಪಥವನ್ನು ಕ್ರಿಯಾಪದದ ಹೊರಗಿನ ಉಪಾಂಗಗಳಲ್ಲಿ ಇರಿಸುವ ಭಾಷೆ. ಕನ್ನಡದಲ್ಲಿ ಆ ಹೊಣೆ ಬಹುಮಟ್ಟಿಗೆ ಕ್ರಿಯಾಪದದ ಮೇಲೆಯೇ ಬೀಳುತ್ತದೆ: ಹತ್ತು, ಇಳಿ, ದಾಟು, ಹೊಗು, ತಿರುಗು. ‘ಹೆಬ್ಬಾಳದ ಫ್ಲೈಓವರ್ ಹತ್ತಬೇಡಿ, ಸರ್ವಿಸ್ ರೋಡಿಗೆ ಇಳಿಯಿರಿ’ ಎಂಬ ವಾಕ್ಯದಲ್ಲಿ ನಾಮಪದಗಳು ಇಂಗ್ಲಿಷಿನಿಂದ ಬಂದಿದ್ದರೂ ಪಥ ಪೂರ್ತಿಯಾಗಿ ಕನ್ನಡದ್ದು. ಇಂಗ್ಲಿಷಿನ ‘ಅಪ್’, ‘ಡೌನ್’ ಈ ಸ್ಥಾನಕ್ಕೆ ಬಂದಿಲ್ಲ. ‘ದಿನಾ ಅಪ್ ಅಂಡ್ ಡೌನ್ ಮಾಡುತ್ತಾನೆ’ ಎನ್ನುವಲ್ಲಿ ಅವು ಬಂದಿವೆಯಾದರೂ ಅದು ಹೋಗಿಬರುವ ಪ್ರಯಾಣಕ್ಕೆ ಇಟ್ಟ ಹೆಸರು. ಏರಿಳಿತದ ಅರ್ಥ ಅಲ್ಲಿಲ್ಲ.

ಹಾಗಾದರೆ ಬಂದಿರುವುದೇನು? ‘ಲೆಫ್ಟಿಗೆ ತಿರುಗಿ’ ಎಂಬಲ್ಲಿ ‘ಲೆಫ್ಟ್’ ಚತುರ್ಥೀ ವಿಭಕ್ತಿಯನ್ನು ಹೊತ್ತು ‘ಎಡ’ದ ಸ್ಥಾನದಲ್ಲಿ ನಿಂತಿದೆ. ಇದು ನೇರ ಪರ್ಯಾಯ, ಇದರಲ್ಲಿ ವಿಶೇಷವಿಲ್ಲ. ಆದರೆ ‘ಎರಡನೇ ಲೆಫ್ಟ್’ ಎನ್ನಬಹುದಾದಂತೆ *‘ಎರಡನೇ ಎಡ’ ಎನ್ನಲಾಗದು. ‘ಎಡ’ ಒಂದು ಪಾರ್ಶ್ವ, ಅದನ್ನು ಎಣಿಸಲಾಗುವುದಿಲ್ಲ. ‘ಲೆಫ್ಟ್’ ಒಂದು ತಿರುವು, ಆದ್ದರಿಂದ ಅದು ಸಂಖ್ಯಾವಾಚಕವನ್ನು ಸ್ವೀಕರಿಸುತ್ತದೆ. ಕನ್ನಡದಲ್ಲಿ ಇದಕ್ಕೆ ‘ಎಡಗಡೆಯ ಎರಡನೇ ತಿರುವು’ ಎಂಬಷ್ಟು ಬೇಕು. ಪಾರ್ಶ್ವ ಹಾಗೂ ತಿರುವು ಎರಡನ್ನೂ ಒಂದೇ ಪದದಲ್ಲಿ ಅಡಕಗೊಳಿಸಿದ, ಎಣಿಸಬಹುದಾದ ನಾಮಪದವೇ ಇಲ್ಲಿ ದೊರೆತ ಎರವಲು. ರಸ್ತೆಗಳನ್ನೇ ಮೇನ್, ಕ್ರಾಸ್ ಎಂದು ಸಂಖ್ಯೆಯಿಂದ ಗುರುತಿಸುವ ಬಡಾವಣೆಗಳಲ್ಲಿ ಅದರ ಉಪಯುಕ್ತತೆ ಸ್ಪಷ್ಟ.

‘ರೈಟ್’ ಪದದ ನಡೆ ಇನ್ನೂ ಕುತೂಹಲಕರ. ಬಸ್ಸಿನ ನಿರ್ವಾಹಕ ‘ರೈಟ್ ರೈಟ್’ ಎಂದರೆ ಬಸ್ಸು ಹೊರಡಬೇಕು. ಬಲಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಹೋಲ್ಡಾನ್’ ಎಂದರೆ ನಿಲ್ಲಬೇಕು. ಈ ಕೂಗುಗಳು ವಿಭಕ್ತಿಯನ್ನಾಗಲಿ ಕ್ರಿಯಾಪದವನ್ನಾಗಲಿ ಬಯಸುವುದಿಲ್ಲ. ಆಟೋದಲ್ಲಿ ಕೇಳುವ ‘ರೈಟಿಗೆ’ ಬಯಸುತ್ತದೆ. ಎರಡು ಅರ್ಥಗಳನ್ನು ಬೇರ್ಪಡಿಸುವ ಕೆಲಸದಲ್ಲಿ ಸಂದರ್ಭದ ಜೊತೆಗೆ ಕನ್ನಡದ ವ್ಯಾಕರಣವೂ ಪಾಲುದಾರ.

ಇಂಗ್ಲಿಷಿನ ಕ್ರಿಯಾಪದವೇ ಬಂದಾಗಲೂ ಕನ್ನಡ ಅದನ್ನು ಕ್ರಿಯಾಪದವಾಗಿ ಉಳಿಸುವುದಿಲ್ಲ: ಓವರ್‌ಟೇಕ್ ಮಾಡು, ರೋಡ್ ಕ್ರಾಸ್ ಮಾಡು, ವಾಟ್ಸಾಪ್ ಗುಂಪಿನಿಂದ ‘ಲೆಫ್ಟ್ ಆಗು’. ಕಾಲ, ಲಿಂಗ, ವಚನಗಳೆಲ್ಲ ಲಘುಕ್ರಿಯಾಪದದ ಪಾಲು. ಆ ಕ್ರಿಯಾಪದದ ಆಯ್ಕೆಯೂ ಅರ್ಥಭೇದಕ. ‘ರಿವರ್ಸ್ ಹಾಕಿ’ ಎಂದರೆ ಗೇರು ಬದಲಿಸಬೇಕು, ‘ರಿವರ್ಸ್ ತಗೊಳ್ಳಿ’ ಎಂದರೆ ವಾಹನ ಹಿಂದಕ್ಕೆ ಚಲಿಸಬೇಕು. ‘ರೌಂಡ್ ಹೊಡೆ’ ಎಂಬುದು ‘ಸುತ್ತು ಹೊಡೆ’ ಎಂಬ ಸಿದ್ಧ ಚೌಕಟ್ಟಿನಲ್ಲಿ ನಾಮಪದವನ್ನಷ್ಟೇ ಬದಲಿಸಿದ ರೂಪ.

ಇಂಗ್ಲಿಷಿನ ಪ್ರಭಾವ ಕ್ರಿಯಾಪದವನ್ನು ಮುಟ್ಟಿಯೇ ಇಲ್ಲವೆಂದು ಇದರಿಂದ ಹೇಳಲಾಗದು. ‘ಯಲಹಂಕದ ದಾರಿ ಹಿಡಿ’ ಎಂಬುದು ಕನ್ನಡದ ನುಡಿಗಟ್ಟು. ‘ಲೆಫ್ಟ್ ತಗೊಳ್ಳಿ’, ‘ಆ ರಸ್ತೆ ತಗೊಳ್ಳಿ’ ಎಂಬಲ್ಲಿ ‘ಹಿಡಿ’ಗೆ ಬದಲಾಗಿ ‘ತಗೊ’ ಬಂದಿರುವುದಕ್ಕೆ ಇಂಗ್ಲಿಷಿನ ‘ಟೇಕ್’ ಮಾದರಿಯಾಗಿರುವುದು ಸಂಭವನೀಯವೆಂದು ನಾವು ಭಾವಿಸುತ್ತೇವೆ. ‘ತಗೊ’ ಅಚ್ಚಗನ್ನಡ ಪದವಾದ್ದರಿಂದ ಎರವಲುಗಳ ಯಾವ ಪಟ್ಟಿಯಲ್ಲೂ ಅದು ಸಿಗುವುದಿಲ್ಲ.