‘ಟ್ರಯಂಫ್’: ಮೆರವಣಿಗೆಯಲ್ಲಿ ಪೌಲನ ಸ್ಥಾನ

ಇಂಗ್ಲಿಷಿನ ‘ಟ್ರಯಂಫ್’ ಪದವನ್ನು ನಾವು ಸಾಮಾನ್ಯವಾಗಿ ‘ವಿಜಯ’ ಎಂದು ಕನ್ನಡಿಸುತ್ತೇವೆ. ಮೂಲದಲ್ಲಿ ಅದು ಗೆಲುವಿನ ಹೆಸರಲ್ಲ. ಲತೀನ್ ಭಾಷೆಯಲ್ಲಿ ಗೆಲುವಿಗೆ ‘ವಿಕ್ತೋರಿಯ’ ಎಂಬ ಪದವಿತ್ತು. ‘ತ್ರಿಯುಂಫುಸ್’ ಎಂದರೆ ಗೆದ್ದ ಸೇನಾಪತಿ ರೋಮಿನ ಬೀದಿಗಳಲ್ಲಿ ನಡೆಸುತ್ತಿದ್ದ ಮೆರವಣಿಗೆ. ಈ ಭೇದವನ್ನು ಮರೆತರೆ ಸಂತ ಪೌಲನ ಒಂದು ಮಾತು ತಲೆಕೆಳಗಾಗುತ್ತದೆ.

ಗ್ರೀಕರಲ್ಲಿ ‘ಥ್ರಿಯಾಂಬೊಸ್’ ಎಂಬುದು ದಿಯೊನಿಸಸ್ ದೇವತೆಯ ಸ್ತುತಿಗೀತೆ. ಅದು ಎತ್ರುಸ್ಕರ ಮೂಲಕ ರೋಮನರ ಭಾಷೆಗೂ, ಮುಂದೆ ಫ್ರೆಂಚಿನ ಮೂಲಕ ಇಂಗ್ಲಿಷಿಗೂ ಬಂದಿತೆಂದು ಭಾಷಾವಿದರಲ್ಲಿ ಹಲವರು ತಿಳಿಯುತ್ತಾರೆ. (ಐರೋಪ್ಯರೊಡನೆ ನಮ್ಮಲ್ಲಿಗೆ ಬಂದ ಇಸ್ಪೀಟಿನ ‘ತುರುಪು’ ಸಹ ಇದೇ ಕುಲದ್ದು!)

ಆ ಮೆರವಣಿಗೆಯಲ್ಲಿ ಸೇನಾಪತಿ ನಾಲ್ಕು ಕುದುರೆಗಳ ರಥವನ್ನೇರಿ ಜುಪಿಟರನ ದೇವಾಲಯಕ್ಕೆ ಸಾಗುತ್ತಿದ್ದನು. ರಥದ ಮುಂದೆ ಕೊಳ್ಳೆಯ ವಸ್ತುಗಳು, ಸಂಕೋಲೆ ತೊಟ್ಟ ಸೆರೆಯಾಳುಗಳು. ಸೋತ ನಾಯಕರಿಗೆ ಹಲವೊಮ್ಮೆ ಅಂದೇ ಮರಣದಂಡನೆ. ಕ್ರಿ.ಪೂ. 46ರಲ್ಲಿ ಸೀಸರನು ಗಾಲ್ ನಾಯಕ ವೆರ್ಸಿಂಜೆಟೊರಿಕ್ಸನನ್ನು ಹೀಗೆ ಮೆರೆಸಿ ಕೊಲ್ಲಿಸಿದನು. ಕ್ರಿ.ಶ. 71ರಲ್ಲಿ ಜೆರುಸಲೇಮಿನ ಸಿಮೋನ್ ಬಾರ್ ಗಿಯೋರಾನಿಗೂ ಅದೇ ಗತಿಯಾಯಿತು. ಅಂದು ಹೊತ್ತೊಯ್ದ ದೇವಾಲಯದ ದೀಪಸ್ತಂಭವನ್ನು ರೋಮಿನ ತೀತನ ಕಮಾನಿನ ಮೇಲೆ ಇಂದಿಗೂ ಕಾಣಬಹುದು.

ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ (2:14) ಪೌಲನು ಇದೇ ಪದದ ಕ್ರಿಯಾರೂಪವನ್ನು ಬಳಸಿದ್ದಾನೆ. 1611ರ ಇಂಗ್ಲಿಷ್ ಬೈಬಲು ಅದನ್ನು ‘ದೇವರು ನಮ್ಮನ್ನು ವಿಜಯಿಗಳನ್ನಾಗಿ ಮಾಡುತ್ತಾರೆ’ ಎಂಬರ್ಥದಲ್ಲಿ ಅನುವಾದಿಸಿತು. ನಾವೂ ಹಾಗೆಯೇ ಬೋಧಿಸಿದ್ದುಂಟು. ಗುರುದೀಕ್ಷೆಯ ಹಬ್ಬಕ್ಕೆ ಇದಕ್ಕಿಂತ ಒಪ್ಪುವ ವಾಕ್ಯ ಬೇರೊಂದಿಲ್ಲವೆನಿಸುತ್ತದೆ. ಆದರೆ ಗ್ರೀಕಿನಲ್ಲಿ ಈ ಕ್ರಿಯಾಪದಕ್ಕೆ ವ್ಯಕ್ತಿಯೊಬ್ಬನು ಕರ್ಮಪದವಾಗಿ ಬಂದಾಗ ಅವನು ಸಾಮಾನ್ಯವಾಗಿ ಸೋತು ಸೆರೆಯಾದವನು; ‘ಗೆಲ್ಲಿಸು’ ಎಂಬ ಅರ್ಥಕ್ಕೆ ಆ ಕಾಲದ ಸ್ಪಷ್ಟ ನಿದರ್ಶನ ಸಿಗುವುದಿಲ್ಲ. ಅಂದರೆ ರಥದಲ್ಲಿರುವವರು ದೇವರು. ದಮಸ್ಕದ ದಾರಿಯಲ್ಲಿ ಸೆರೆಸಿಕ್ಕ ಪೌಲನು ರಥದ ಮುಂದೆ, ಮರಣಕ್ಕೆ ನಡೆಯುವವರ ಸಾಲಿನಲ್ಲಿದ್ದಾನೆ. ಪ್ರೇಷಿತರು ಮರಣದಂಡನೆಗೆ ಗುರಿಯಾದವರಂತೆ ಲೋಕಕ್ಕೆ ನೋಟವಾಗಿದ್ದಾರೆಂದು ಮೊದಲ ಪತ್ರದಲ್ಲಿಯೂ (4:9) ಅವನು ಬರೆದಿದ್ದನು. ಅವನ ದೌರ್ಬಲ್ಯವನ್ನು ಆಡಿಕೊಂಡ ಕೊರಿಂಥದವರಿಗೆ ಅವನು ಕೊಟ್ಟ ಉತ್ತರ ಇದು: ಆ ದೌರ್ಬಲ್ಯದಲ್ಲಿಯೇ ಕ್ರಿಸ್ತನ ಅರಿವಿನ ಪರಿಮಳ ಹರಡುತ್ತದೆ. ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ (2:15) ಅದೇ ಕ್ರಿಯಾಪದ ಮರಳಿ ಬರುತ್ತದೆ. ಅಲ್ಲಿ ಸೆರೆಯಾಳುಗಳು ಲೋಕದ ಅಧಿಪತ್ಯಗಳು, ಅವುಗಳನ್ನು ಸೋಲಿಸಿದ್ದು ಶಿಲುಬೆ.

ಕನ್ನಡದಲ್ಲಿ ‘ವಿಜಯ’ಕ್ಕಿಂತ ‘ಮೆರವಣಿಗೆ’ಯೇ ಮೂಲಕ್ಕೆ ಹತ್ತಿರವೆಂದು ನಮ್ಮ ಅಭಿಪ್ರಾಯ. ಮದುಮಗನನ್ನು ಕುದುರೆಯ ಮೇಲೆ ಮೆರೆಸುವುದಕ್ಕೂ ತಪ್ಪಿತಸ್ಥನನ್ನು ಕತ್ತೆಯ ಮೇಲೆ ಕೂರಿಸಿ ಊರು ಸುತ್ತಿಸುವುದಕ್ಕೂ ನಮ್ಮ ಜನರು ಅದೊಂದೇ ಪದವನ್ನು ಬಳಸುತ್ತಾರೆ.