ಸಿಸಿಲಿ ಎಂಬ ಅಂಕಿತನಾಮ

ನಾಮಪ್ರಕರಣವನ್ನು ಪಾಠ ಹೇಳುವುದರಲ್ಲಿ ಅಧ್ಯಾಪಕನಿಗೆ ಅಪಾಯವೇನೂ ಇರಲಾರದೆಂದು ನಾನು ಬಹುಕಾಲ ನಂಬಿದ್ದೆ. ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆ. ಕೊನೆಯದಕ್ಕೆ ಶಾಲಾಪುಸ್ತಕಗಳ ಕಾಲದಿಂದ ನಡೆದುಬಂದ ಉದಾಹರಣೆಗಳು: ಕುರುಡ, ಕುಂಟ, ಜಾಣ, ವ್ಯಾಪಾರಿ. ಕೆಲವು ವರ್ಷಗಳ ಕೆಳಗೆ ಹೀಗೆ ಪಾಠ ನಡೆದಿರುವಾಗ, ಕಾಪುವಿನ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ನನ್ನ ಹೆಸರಿಗೆ ಅರ್ಥವೇನು ಸರ್?” ಎಂದು ಕೇಳಿದಳು. ಅವಳ ಹೆಸರು ಸಿಸಿಲಿಯಾ. ಎಲ್ಲಿಯೋ ಓದಿದ್ದು ನೆನಪಿತ್ತು. ತಿಳಿದದ್ದನ್ನು ಹೇಳಿಬಿಡುವ ಚಪಲವೂ ಇತ್ತು. “ಲ್ಯಾಟಿನ್ನಿನಲ್ಲಿ ಕುರುಡಿ ಎಂದರ್ಥ” ಎಂದೆ. ತರಗತಿ ನಕ್ಕಿತು. ಅವಳು ಕುಳಿತುಕೊಂಡಳು.

ಮರುದಿನ ಅಧ್ಯಾಪಕರ ಕೊಠಡಿಗೆ ಬಂದು ಅವಳು ಹೇಳಿದ ಮಾತು ಇಷ್ಟೇ: “ಅದು ನನ್ನ ಅಜ್ಜಿಯ ಹೆಸರು ಸರ್. ಅಜ್ಜಿಗೆ ಈಗ ಕಣ್ಣು ಕಾಣಿಸುವುದಿಲ್ಲ. ಮಣಿಪಾಲದಲ್ಲಿ ತೋರಿಸಿ ಆಯಿತು, ಇನ್ನು ಆಗುವುದಿಲ್ಲವಂತೆ. ಅರ್ಥವನ್ನು ಅವರಿಗೆ ಹೇಳಬೇಡ ಎಂದು ಅಮ್ಮ ಹೇಳಿದ್ದಾರೆ.”

ಆಮೇಲೆ ನಾನು ಓದಿದ್ದೆಲ್ಲವೂ, ಮೊದಲೇ ಓದಿಕೊಂಡು ತರಗತಿಗೆ ಹೋಗಬೇಕಾಗಿದ್ದ ವಿಷಯ.

ರೋಮಿನ ಮೂಲರೂಪ ಕೈಕಿಲಿಯಾ. ‘ಕೈಕುಸ್’ ಎಂದರೆ ಕುರುಡ. ಹೆಸರನ್ನು ವಿದ್ವಾಂಸರು ಸಾಮಾನ್ಯವಾಗಿ ಈ ಶಬ್ದದೊಡನೆಯೇ ಹೊಂದಿಸುತ್ತಾರೆ. ಆದರೆ ಯಾವ ರೋಮನ್ ತಂದೆಯೂ ತನ್ನ ಮಗಳ ಕಣ್ಣನ್ನು ನೋಡಿ ಈ ಹೆಸರನ್ನಿಟ್ಟವನಲ್ಲ. ಗಣರಾಜ್ಯದ ಕಾಲದ ರೋಮಿನಲ್ಲಿ ಹೆಣ್ಣುಮಕ್ಕಳಿಗೆ ಪ್ರತ್ಯೇಕವಾದ ಹೆಸರಿಡುವ ವಾಡಿಕೆ ಬಹುಮಟ್ಟಿಗೆ ಇರಲಿಲ್ಲ. ತಂದೆಯ ಕುಲನಾಮದ ಸ್ತ್ರೀಲಿಂಗರೂಪವೇ ಮಗಳ ಹೆಸರು. ಜೂಲಿಯಸ್ ಕುಲದವಳು ಜೂಲಿಯಾ, ಕೈಕಿಲಿಯಸ್ ಕುಲದವಳು ಕೈಕಿಲಿಯಾ. ಇಬ್ಬರಿದ್ದರೆ ‘ಹಿರಿಯಳು’, ‘ಕಿರಿಯಳು’. ಇನ್ನೂ ಹೆಚ್ಚಿದ್ದರೆ ಮೂರನೆಯವಳು ಎಂದು ಎಣಿಕೆ. ನಮ್ಮ ಮನೆಗಳ ದೊಡ್ಡಕ್ಕ ಚಿಕ್ಕಕ್ಕಂದಿರನ್ನು ನೆನೆದರೆ ಇದು ಅಷ್ಟೇನೂ ವಿಚಿತ್ರವೆನಿಸದು. ಮದುವೆಯಾದರೂ ಈ ಹೆಸರು ಬದಲಾಗುತ್ತಿರಲಿಲ್ಲ. ತುಳುನಾಡಿನಲ್ಲಿಯೂ ಹೆಣ್ಣು ತನ್ನ ‘ಬರಿ’ಯನ್ನು ಗಂಡನ ಮನೆಯಲ್ಲಿ ಬಿಟ್ಟುಕೊಡುವವಳಲ್ಲ. ಆದರೆ ಅಳಿಯಸಂತಾನದವರಲ್ಲಿ ಬರಿ ಬರುವುದು ತಾಯಿಯಿಂದ. ರೋಮಿನವಳ ಹೆಸರು ಸಾರುತ್ತಿದ್ದುದು ತಂದೆಯ ಕುಲವನ್ನು.

ಆ ಕುಲಕ್ಕೊಂದು ಪುರಾಣವೂ ಉಂಟು. ಪ್ರೆನೆಸ್ಟೆ ಎಂಬ ಊರನ್ನು ಕಟ್ಟಿದ ಕೈಕುಲುಸ್ ಅಗ್ನಿದೇವನಾದ ವಲ್ಕನನ ಮಗನಂತೆ. ಒಲೆಯ ಹೊಗೆಯಿಂದ ಅವನ ಕಣ್ಣು ಕಿರಿದಾಗಿದ್ದುವಂತೆ. ಕೈಕಿಲಿಯಸರು ಅವನ ಸಂತತಿಯಂತೆ. ರೋಮನರು ಇಂಥ ಹೆಸರುಗಳಿಗೆ ನಾಚಿದವರಲ್ಲ. ಕ್ಲಾಡಿಯಾ ಎಂಬುದನ್ನು ‘ಕುಂಟ’ ಎಂಬ ಶಬ್ದಕ್ಕೆ ಹೊಂದಿಸುತ್ತಾರೆ. ಸಿಸೆರೋ ಎಂಬುದರಲ್ಲಿ ಕಡಲೆಕಾಳಿದೆ. ಚಿತ್ರದುರ್ಗದ ಕಡೆಯ ತಿಪ್ಪಮ್ಮನನ್ನು ಬಲ್ಲ ನಾವು ಆಶ್ಚರ್ಯಪಡಬೇಕಾದುದಿಲ್ಲ.

ರೋಮಿನ ಹೊರಗೆ ಅಪ್ಪಿಯನ್ ಮಾರ್ಗದ ಬದಿಯಲ್ಲಿ, ಕ್ರಿಸ್ತಪೂರ್ವ 1ನೆಯ ಶತಮಾನದ ಒಂದು ದೊಡ್ಡ ದುಂಡು ಗೋರಿ ಇಂದಿಗೂ ನಿಂತಿದೆ. ಅದು ಕೈಕಿಲಿಯಾ ಮೆಟೆಲ್ಲಾ ಎಂಬವಳದು. ಅವಳು ಯಾರ ಮಗಳು, ಯಾರ ಮಡದಿ ಎಂಬಷ್ಟನ್ನೇ ಶಾಸನ ಹೇಳುತ್ತದೆ. ಅವಳದೇ ಆದ ಒಂದು ಸಂಗತಿ ಅದರಲ್ಲಿಲ್ಲ. ಆ ಮಾರ್ಗವನ್ನು ಕ್ರಿಸ್ತಪೂರ್ವ 312ರಲ್ಲಿ ಆರಂಭಿಸಿದವನಾದರೋ ಅಪ್ಪಿಯಸ್ ಕ್ಲಾಡಿಯಸ್ ಕೈಕುಸ್. ವೃದ್ಧಾಪ್ಯದಲ್ಲಿ ನಿಜವಾಗಿಯೂ ಕಣ್ಣು ಕಳೆದುಕೊಂಡವನು. ಅವನ ‘ಕೈಕುಸ್’ ಅನ್ವರ್ಥನಾಮ. ಅವನ ದಾರಿಯ ಬದಿಯಲ್ಲಿ ಮಲಗಿದವಳ ‘ಕೈಕಿಲಿಯಾ’ ಬರಿಯ ಅಂಕಿತನಾಮ. ತರಗತಿಯಲ್ಲಿ ನಾನು ಹೇಳಬೇಕಾಗಿದ್ದ ಉದಾಹರಣೆ ಇದು.

‘ಕೈಕಿ’ ಎಂಬುದು ‘ಸಿಸಿ’ ಆದ ಬಗೆಯೂ ಕನ್ನಡ ವಿದ್ಯಾರ್ಥಿಗೆ ಹೊಸದಲ್ಲ. ನಮ್ಮ ‘ಕಿವಿ’ ತೆಲುಗಿನಲ್ಲಿ ‘ಚೆವಿ’. ತಮಿಳೂ ಆ ದಾರಿಯನ್ನೇ ಹಿಡಿಯಿತು. ಕನ್ನಡವೂ ‘ಕೆಬಿ’ ಎನ್ನುವ ತುಳುವೂ ಕಕಾರವನ್ನು ಬಿಡಲಿಲ್ಲ. ಇ, ಎ ಸ್ವರಗಳ ಮುಂದೆ ಲ್ಯಾಟಿನ್ನಿನ ಕಕಾರವೂ ಕಾಲಾಂತರದಲ್ಲಿ ಕರಗಿ, ಇಟಲಿಯಲ್ಲಿ ಚಕಾರವಾಯಿತು, ಪೋರ್ಚುಗೀಸಿನಲ್ಲಿ ಸಕಾರವಾಯಿತು. ಗೋವೆಯಿಂದ ಕೊಂಕಣಿ ಕ್ರೈಸ್ತರೊಡನೆ ಕರಾವಳಿಗಿಳಿದು ಬಂದದ್ದು ಈ ಸಕಾರದ ರೂಪ. ಕನ್ನಡದಲ್ಲಿ ಬರೆದಾಗ ಅದು ಭೂಪಟದ ಸಿಸಿಲಿ ದ್ವೀಪದಂತೆಯೇ ಕಾಣುವುದು ಅಕ್ಷರದ ಆಟ; ಸಂಬಂಧವಿಲ್ಲ.

ಹೆಸರನ್ನು ಕುಲದ ಬೇಲಿಯಿಂದಾಚೆಗೆ ತಂದವಳು ರೋಮಿನ ಸಂತ ಸಿಸಿಲಿ. ಮದುವೆಯ ವಾದ್ಯಗಳು ಮೊಳಗುತ್ತಿದ್ದಾಗ ಅವಳು ಒಳಗೊಳಗೇ ದೇವರಿಗೆ ಹಾಡಿಕೊಂಡಳೆಂಬ ಕಥೆಯಿಂದ ಸಂಗೀತಗಾರರು ಅವಳನ್ನು ತಮ್ಮವಳೆಂದರು. ಉಡುಪಿಯಲ್ಲಿ ಅವಳ ಹೆಸರಿನ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ಎಲ್ಲ ಮತದವರೂ ಇದ್ದಾರೆ. ಸಂತಳಿಗೆ ‘ಕುರುಡಿ’ ಎಂಬ ಹೆಸರೇ ಎಂದು ನೊಂದವರಲ್ಲಿ ನನ್ನ ಶಿಷ್ಯೆ ಮೊದಲನೆಯವಳಲ್ಲ. 13ನೆಯ ಶತಮಾನದಲ್ಲಿ ಸಂತರ ಕಥೆಗಳನ್ನು ಸಂಗ್ರಹಿಸಿದ ಯಾಕೋಬುಸ್ ಎಂಬ ಸಂನ್ಯಾಸಿ, ಹೆಸರನ್ನು ನಾನಾ ವಿಧವಾಗಿ ಒಡೆದು ‘ಸ್ವರ್ಗದ ನೈದಿಲೆ’ ಎಂದ, ‘ಕುರುಡರಿಗೆ ದಾರಿ’ ಎಂದ, ‘ಕುರುಡಿಲ್ಲದವಳು’ ಎಂದೂ ಅಂದ. ಇಂಗ್ಲಿಷಿನ ಚಾಸರ್ ಕವಿ ಇದನ್ನೇ ಪದ್ಯಕ್ಕೆ ಇಳಿಸಿದ. ಭಾಷಾಶಾಸ್ತ್ರ ಇದನ್ನು ಒಪ್ಪುವುದಿಲ್ಲ. ತುಳುವರ ಬಾಯಲ್ಲಿ ‘ಒಡಿಪು’ ಆಗಿರುವ ಊರನ್ನು ‘ಉಡುಪ’, ಅಂದರೆ ನಕ್ಷತ್ರಗಳ ಒಡೆಯನಾದ ಚಂದ್ರ, ಎಂದು ಬಿಡಿಸಿದ ನಮ್ಮ ಪಂಡಿತರನ್ನಾದರೂ ಅದು ಪೂರ್ತಿ ಒಪ್ಪೀತೆ? ಆದರೂ ಆ ಸಂನ್ಯಾಸಿಯ ಮೇಲೆ ನನಗೆ ಈಗ ಗೌರವ ಹೆಚ್ಚಿದೆ. ಅವನು ಯಾರನ್ನೂ ತರಗತಿಯಲ್ಲಿ ತಲೆ ತಗ್ಗಿಸುವಂತೆ ಮಾಡಲಿಲ್ಲ.

ಇದನ್ನೆಲ್ಲ ನಾನು ಮುಂದಿನ ಪಾಠದ ದಿನ, ತಪ್ಪೊಪ್ಪಿಕೊಂಡು, ತರಗತಿಗೇ ಹೇಳಿದೆ. ಕಾರ್ಕಳದ ಅತ್ತೂರು ಜಾತ್ರೆ ಮುಗಿದ ಮೇಲೆ ಆ ಹುಡುಗಿ ಮತ್ತೆ ಬಂದಳು. ಅಮ್ಮನ ಮಾತನ್ನು ಮೀರಿ ಅಜ್ಜಿಗೆ ಎಲ್ಲವನ್ನೂ ಕೊಂಕಣಿಯಲ್ಲಿ ಹೇಳಿದ್ದಳಂತೆ, ಕುರುಡಿ ಎಂಬುದನ್ನೂ ಬಿಡದೆ. ಅಜ್ಜಿ ನಕ್ಕು ಹೇಳಿಕಳುಹಿಸಿದ್ದರು: “ನೆರೆಮನೆಯ ತುಕ್ರು ಶುಕ್ರವಾರ ಹುಟ್ಟಿದವಳು, ಅದಕ್ಕೆ ತುಕ್ರು. ನಾನು ಹುಟ್ಟಿದ್ದು ನವೆಂಬರ್ 22, ಸಿಸಿಲಿ ಹಬ್ಬದ ದಿನ. ನಿಮ್ಮ ಮಾಷ್ಟ್ರು ಇಷ್ಟಕ್ಕೆ ರೋಮಿನವರೆಗೆ ಯಾಕೆ ಹೋದರು? ನನ್ನನ್ನೇ ಕೇಳಬಹುದಿತ್ತಲ್ಲ.”