ಕಾಲ್‌ಶೀಟ್ ಸಿಕ್ಕಿತು, ವೀಸಾ ಸಿಗಲಿಲ್ಲ!

ರಾತ್ರಿ ಹನ್ನೊಂದೂವರೆಗೆ ಫೋನು ಬಡಕೊಂಡಿತು.

"ಲೋ, ನನ್ನ ಮದುವೆಗೆ ನೀನೇ ಪ್ರೊಡಕ್ಷನ್ ಮ್ಯಾನೇಜರು!"

ಮಾತಾಡಿದವನು ನನ್ನ ಬೆಂಚಿನ ಗೆಳೆಯ. ಶಾಲೆ ಬೆಂಚಲ್ಲ ಸ್ವಾಮಿ, ನಮ್ಮೂರ ಟಾಕೀಸಿನ ಮುಂದಿನ ಬೆಂಚು! ಈಗ ಯೂರೋಪಿನಲ್ಲಿ ದೊಡ್ಡ ಇಂಜಿನಿಯರು. ಆ ಬೆಂಚಿನಲ್ಲಿ ನಾವು ಮೂವರು. ಅವನು, ನಾನು, ಮತ್ತೊಬ್ಬ ಬೆಂಗಳೂರಿನಲ್ಲಿ ಆಟೋ ಓಡಿಸುವವನು. ಗಾಡಿಯ ಹಿಂದೆ ಶಂಕರ್‌ನಾಗ್ ಚಿತ್ರ ಬರೆಸಿಕೊಂಡಿದ್ದಾನಾದ್ದರಿಂದ ಇಲ್ಲಿ ಅವನನ್ನು ಆಟೋರಾಜ ಅಂತಲೇ ಕರೆಯೋಣ. 2005ರಲ್ಲಿ 'ಜೋಗಿ' ನೋಡಿದ್ದು ಮೂವರೂ ಒಟ್ಟಿಗೇ. ಟಿಕೆಟ್ಟಿನ ದುಡ್ಡು ಆಟೋರಾಜನದು, ಆಗಲೇ ಗ್ಯಾರೇಜಿನಲ್ಲಿ ದುಡಿಯುತ್ತಿದ್ದವನು ಅವನೊಬ್ಬನೇ. 2006ರಲ್ಲಿ 'ಐಶ್ವರ್ಯ' ಬಂದಾಗಲೂ ಅವನದೇ ಜೇಬು. ಉಪೇಂದ್ರ ಎದುರಿಗೆ ಹೊಸ ಹುಡುಗಿ, ದೀಪಿಕಾ ಪಡುಕೋಣೆ, ಆಕೆಯ ಮೊಟ್ಟಮೊದಲ ಚಿತ್ರ. ಆ ನೀಳಕಾಯದ ಬೆಡಗಿ ಪರದೆಗೆ ಬಂದಾಗ ನಮ್ಮ ಭಾವೀ ಇಂಜಿನಿಯರು ಕಡಲೆಕಾಯಿ ಪೊಟ್ಟಣ ಕೈಬಿಟ್ಟಿದ್ದ!

ಅದೇ ರೋಗ 2018ರಲ್ಲಿ ಉಲ್ಬಣಿಸಿತು.

ತಾರೆಯ ಲಗ್ನಪತ್ರಿಕೆ

ನೆನಪಿದೆ ತಾನೇ ಅಭಿಮಾನಿ ಮಿತ್ರರೇ? ಆ ವರ್ಷ ಅಕ್ಟೋಬರ್ 21ಕ್ಕೆ ದೀಪಿಕಾ ಮತ್ತು ರಣವೀರ್ ಸಿಂಗ್ ಒಂದು ಪತ್ರಿಕೆ ಹೊರಡಿಸಿದರು. ನವೆಂಬರ್ 14 ಮತ್ತು 15 ಮದುವೆ ಅಂತ ತಾರೀಕಿತ್ತು, ಊರಿನ ಹೆಸರೇ ಇರಲಿಲ್ಲ! ಇಟಲಿಯ ಕೋಮೋ ಸರೋವರದ ದಡ, ಬಾಲ್ಬಿಯಾನೆಲ್ಲೋ ಅನ್ನುವ ಹಳೇ ಬಂಗಲೆ. 'ಸ್ಟಾರ್ ವಾರ್ಸ್' ಸರಣಿಯ 2002ರ ಚಿತ್ರಕ್ಕೂ, 2006ರ ಜೇಮ್ಸ್ ಬಾಂಡ್ ಚಿತ್ರ 'ಕ್ಯಾಸಿನೋ ರೋಯಾಲ್'ಗೂ ಚಿತ್ರೀಕರಣ ನಡೆದ ಜಾಗ. ನೀರಿನೊಳಕ್ಕೆ ಚಾಚಿದ ಗುಡ್ಡದ ಮೂಗಿನ ಮೇಲಿದೆ, ದೋಣಿಯಲ್ಲಿ ಹೋಗುವುದೇ ವಾಡಿಕೆ. ಒಂದು ದಿನ ಕೊಂಕಣಿ ಶಾಸ್ತ್ರ, ಮರುದಿನ ಸಿಂಧಿ ಶಾಸ್ತ್ರ. ಕರೆದದ್ದು ಹತ್ತಿರದವರನ್ನು ಮಾತ್ರ. 15ರ ಸಂಜೆ ತಾವೇ ಫೋಟೋ ಬಿಡುವವರೆಗೆ ದೇಶವೆಲ್ಲ ಕತ್ತು ಉದ್ದ ಮಾಡಿಕೊಂಡು ಕೂತಿತ್ತು. ಹಿಂದಿನ ವರ್ಷ ಡಿಸೆಂಬರ್ 11ಕ್ಕೆ ವಿರಾಟ್ ಕೊಹ್ಲಿ, ಅನುಷ್ಕಾ ಶರ್ಮಾ ಟಸ್ಕನಿಯಲ್ಲಿ ಮಾಡಿದ್ದೂ ಇದೇ ಉಪಾಯ. ಪುಟ್ಟ ಮದುವೆ ಹೊರದೇಶದಲ್ಲಿ, ದೊಡ್ಡ ಊಟ ಊರಿಗೆ ಬಂದಮೇಲೆ. ದೀಪಿಕಾ ಕೂಡ ನವೆಂಬರ್ 21ಕ್ಕೆ ಬೆಂಗಳೂರಿನಲ್ಲಿ, 28ಕ್ಕೆ ಮುಂಬಯಿಯಲ್ಲಿ ಆರತಕ್ಷತೆ ಮಾಡಿಕೊಂಡರು.

ಈ ಉಪಾಯದ ಗುಟ್ಟು ನನಗೆ ಆಮೇಲೆ ತಿಳಿಯಿತು. ಅದು ಶೋಕಿ ಮಾತ್ರವಲ್ಲ. 'ನಿಮ್ಮನ್ನು ಕರೆಯಲಿಲ್ಲ' ಅಂತ ಬಾಯಿಬಿಟ್ಟು ಹೇಳದೆ ಸಾವಿರ ಜನಕ್ಕೆ ಹೇಳುವ ದಾರಿ!

ಗೆಳೆಯನೂ ಕೋಮೋ ಬಾಡಿಗೆ ವಿಚಾರಿಸಿದ, ಅಂಕಿ ಕೇಳಿ ನೀರು ಕುಡಿದ. ಕೊನೆಗೆ ಬೇರೆ ದೇಶ, ಬೇರೆ ಸರೋವರ. ಯಾವ ದೇಶ ಅಂತ ಕೇಳಬೇಡಿ. ಹೇಳಿದರೆ ಯಾವ ಆಫೀಸು ಅಂತಲೂ ಹೇಳಿದಂತೆ ಆಗುತ್ತೆ. ಕಾರಣ ಮುಂದಿದೆ.

ನಾನೂರು ಹೋಗಿ ನಲವತ್ತು

ಮೊದಲು ನನಗೆ ಗೊತ್ತಿದ್ದ ಒಬ್ಬ ಹಳೇ ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಓಡಿದೆ. 1978ರಲ್ಲೇ ದ್ವಾರಕೀಶ್ 'ಸಿಂಗಾಪುರದಲ್ಲಿ ರಾಜಾಕುಳ್ಳ' ಚಿತ್ರಕ್ಕೆ ವಿಷ್ಣುವರ್ಧನ್ ಅವರನ್ನೂ ಯೂನಿಟ್ಟನ್ನೂ ಹೊರದೇಶಕ್ಕೆ ಸಾಗಿಸಿದವರು. ಆ ಪರಂಪರೆಯ ವಿದ್ಯೆ ಇಂಥವರ ಹತ್ತಿರ ತಾನೇ ಇರೋದು? ಮುದುಕರು ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡೇ ಹೇಳಿದರು: "ಲಗ್ನಪತ್ರಿಕೆ ಆಮೇಲೆ ಮಾಡಿಸಯ್ಯ. ಮೊದಲು ಕಾಲ್‌ಶೀಟ್ ತಗೋ. ಯಾರು ಬರ್ತಾರೆ, ಎಷ್ಟು ದಿನ, ಪಾಸ್‌ಪೋರ್ಟ್ ಉಂಟೋ ಇಲ್ಲವೋ. 'ನೋಡೋಣ' ಅಂದೋರನ್ನ ಬರೋಲ್ಲ ಅಂತಲೇ ಬರಕೋ."

ಚಿನ್ನದಂಥ ಮಾತು! ನಮ್ಮ ಕಡೆ ಪತ್ರಿಕೆ ಕೊಡೋದು ಮರ್ಯಾದೆಗೆ, ಬರೋದು ಬಿಡೋದು ಅವರಿಷ್ಟ. 'ಖಂಡಿತ ಬರ್ತೀವಿ' ಅಂದವರು ಬರೋಲ್ಲ, ಏನೂ ಅನ್ನದವರು ಜೀಪಿನಲ್ಲಿ ಹನ್ನೆರಡು ಜನ ಬರ್ತಾರೆ. ಕಲ್ಯಾಣಮಂಟಪದಲ್ಲಿ ಇದು ನಡೆಯುತ್ತೆ, ಇನ್ನೊಂದು ಪಂಕ್ತಿ ಹಾಕಿಸಿದರಾಯ್ತು. ಹೋಟೆಲ್ ರೂಮಿನಲ್ಲಿ ನಡೆಯೋಲ್ಲ. ನಾನೂರು ಹೆಸರಿನ ಪಟ್ಟಿಯನ್ನು ಕುಯ್ದು ಕುಯ್ದು ನಲವತ್ತಕ್ಕೆ ಇಳಿಸಿದೆ. ದೊಡ್ಡಪ್ಪನ ಮಕ್ಕಳಲ್ಲಿ ಯಾರನ್ನು ಬಿಡೋದು ಅನ್ನುವ ಜಗಳದಲ್ಲಿ ಗೆಳೆಯನ ತಾಯಿ ಎರಡು ದಿನ ಊಟ ಬಿಟ್ಟರು. ಪಟ್ಟಿಯಲ್ಲಿ ಯಾರೂ ಬದಲಾಯಿಸಬಾರದು ಅಂತ ಗೆಳೆಯ ಕೆಂಪು ಗೆರೆ ಹಾಕಿದ್ದು ಎರಡೇ ಹೆಸರಿಗೆ: ಅವನ ಅಜ್ಜಿ, ಮತ್ತೆ ಆಟೋರಾಜ.

ಪತ್ರಿಕೆ ಎರಡು ಥರ ಮಾಡಿದೆವು. ಅರಿಶಿನ ಹಚ್ಚಿದ್ದು ಮನೆಗೆ. ಇನ್ನೊಂದು ಬಿಳೀ ಹಾಳೆಯ ಕಾಗದ ವೀಸಾ ಆಫೀಸಿಗೆ. ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹೆಸರು, ನಂಬರು, ಬರುವ ದಿನ, ಹೋಗುವ ದಿನ, ಇಳಿಯುವ ವಿಳಾಸ, ಖರ್ಚು ಯಾರದು. ಷೆಂಗೆನ್ ವೀಸಾ ಅಂದರೆ ಹುಡುಗಾಟವಲ್ಲ ಗುರುಗಳೇ. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ, ಕಡೇಪಕ್ಷ 15 ದಿನ ಮುಂಚೆ ಹಾಕಲೇಬೇಕು. ತೀರ್ಮಾನಕ್ಕೆ ಮಾಮೂಲು 15 ದಿನ, ಎಳೆದರೆ 45. ವಿಮೆ 30,000 ಯೂರೋಗೆ ಕಡಿಮೆ ಇರಬಾರದು. 2024ರ ಜೂನ್‌ನಿಂದ ದೊಡ್ಡವರಿಗೆ ಫೀಸು 90 ಯೂರೋ, ಕೊಡದಿದ್ದರೂ ವಾಪಸ್ಸಿಲ್ಲ. ಹಿಂದೆ ಬೆರಳಚ್ಚು ಕೊಟ್ಟಿಲ್ಲದವರು ಖುದ್ದು ಬರಬೇಕು. ಹಾಗಾಗಿ ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಬೆಂಗಳೂರಿನ ಆ ಸಾಲಿನಲ್ಲಿ ನಮ್ಮೂರಿನ ಅರ್ಧ ಬೀದಿಯೇ ನಿಂತಿತ್ತು!

ಅಜ್ಜಿಗೆ ಎಪ್ಪತ್ತಾರು. ಆಧಾರಿನಲ್ಲಿ ಒಂದು ಹೆಸರು, ಓಟಿನ ಚೀಟಿಯಲ್ಲಿ ಇನ್ನೊಂದು. ಅದನ್ನು ಸರಿಮಾಡಿಸಿ ಪಾಸ್‌ಪೋರ್ಟ್ ತೆಗೆಸುವುದಕ್ಕೇ ಎರಡು ತಿಂಗಳು ಹಿಡಿಯಿತು. ಯಂತ್ರಕ್ಕೆ ಅಜ್ಜಿಯ ಬೆರಳ ಗೆರೆ ಸಿಗಲಿಲ್ಲ. "ಪಾತ್ರೆ ತಿಕ್ಕಿ ಸವೆದಿದೆ ಕಣಪ್ಪ, ಗಟ್ಟಿಯಾಗಿ ಒತ್ತಲೇನು?" ಅಂದರು. ಮೂರನೇ ಸಲಕ್ಕೆ ಸಿಕ್ಕಿತು. ವಿಮಾನದವರಿಗೆ ಗಾಲಿಕುರ್ಚಿ ಬೇಕು ಅಂತ ಮೊದಲೇ ತಿಳಿಸಿ ಬರೆಸಿಕೊಂಡೆ.

ಆಟೋರಾಜನ ಬ್ಯಾಂಕ್ ಪುಸ್ತಕ

ಆಟೋರಾಜನ ಪುಸ್ತಕದಲ್ಲಿ ಹದಿನೆಂಟು ಸಾವಿರ ಇತ್ತು. ತೆರಿಗೆ ಕಾಗದ ಇಲ್ಲ. ರಜೆ ಕೊಟ್ಟೆ ಅಂತ ಬರೆದುಕೊಡಲು ಅವನಿಗೆ ಧಣಿಯೂ ಇಲ್ಲ, ಅವನೇ ಧಣಿ.

ಇಲ್ಲಿ ನಾನೊಂದು ಬುದ್ಧಿವಂತಿಕೆ ಮಾಡಿದೆ. "ಎಲ್ಲಾದರೂ ಕೈಗಡ ತಂದು ಒಂದೂವರೆ ಲಕ್ಷ ಹಾಕಿಬಿಡೋ, ವೀಸಾ ಬಂದಮೇಲೆ ತೆಗೆದುಕೊಡೋಣ" ಅಂದೆ. ಪಾಪ, ಗಾಡಿಯ ಕಾಗದ ಅಡವಿಟ್ಟು ತಂದ. ಅರ್ಜಿಗೆ ಒಂದೇ ವಾರ ಮುಂಚೆ ಹಾಕಿದ. ತಿಂಗಳುಗಟ್ಟಲೆ ಸಾವಿರ, ಎರಡು ಸಾವಿರ ಆಡುತ್ತಿದ್ದ ಪುಸ್ತಕದಲ್ಲಿ ದಿಢೀರನೆ ಒಂದೂವರೆ ಲಕ್ಷ! ಇಂಥದ್ದೇ ಮೊದಲು ಅವರ ಕಣ್ಣಿಗೆ ಬೀಳುತ್ತೆ ಅಂತ ಆಮೇಲೆ ತಿಳಿದವರೆಲ್ಲ ಹೇಳಿದರು. ಇನ್ನೂ ಒಂದು ತಪ್ಪು. ಖರ್ಚು ತನ್ನದು ಅಂತ ಕರೆದವನು ಅಲ್ಲಿನ ಸರಕಾರದ ನಮೂನೆಯಲ್ಲೇ ಬರೆದು ಮೊಹರು ಹಾಕಿಸಬೇಕಿತ್ತು. ನಾನು ಬಿಳೀ ಹಾಳೆಯ ಕಾಗದವೇ ಸಾಕು ಅಂದುಕೊಂಡೆ. ಅದಕ್ಕೂ ಮೇಲೆ ವೀಸಾ ಬರುವ ಮುಂಚೆಯೇ ವಿಮಾನದ ಟಿಕೆಟ್ ಬೇರೆ!

ಮೇ ತಿಂಗಳ ಮೊದಲ ವಾರ ಲಕೋಟೆಗಳು ಬಂದವು. ಅಜ್ಜಿಗೆ ಸಿಕ್ಕಿತ್ತು. ನನಗೆ ಸಿಕ್ಕಿತ್ತು. ಆಟೋರಾಜನ ಲಕೋಟೆಯಲ್ಲಿ ಅಚ್ಚು ಹಾಕಿದ ಫಾರಂ, ಒಂದು ಸಾಲಿನ ಎದುರು ಗುರುತು. ಅವನಿಗೆ ಅರ್ಥವಾಗಲಿಲ್ಲ, ಓದು ಅಂದ. ಗಡುವು ಮುಗಿಯುವ ಮುಂಚೆ ನೀವು ದೇಶ ಬಿಟ್ಟು ಹೊರಡುತ್ತೀರಿ ಅನ್ನುವುದರ ಬಗ್ಗೆ ಅನುಮಾನ ಇದೆ, ಅಂತ ಅದರ ತಾತ್ಪರ್ಯ.

"ನಾನಾ? ಅಲ್ಲೇ ಉಳಕೊಳ್ತೀನಾ?" ಅಂತ ನಕ್ಕ. "ಗಾಡಿ ಇಲ್ಲಿ ಯಾರು ಓಡಿಸ್ತಾರೆ?"

ಮೇಲ್ಮನವಿಗೆ ಅವಕಾಶ ಉಂಟು, ಹೊಸ ಅರ್ಜಿಗೂ ಉಂಟು. ದಿನ ಇರಲಿಲ್ಲ. ಟಿಕೆಟ್ಟಿನ ದುಡ್ಡಿನಲ್ಲಿ ಮುಕ್ಕಾಲು ಪಾಲು ಹೋಯಿತು, ಅದನ್ನು ನಾನೇ ಕಟ್ಟಿಕೊಟ್ಟೆ. ಕಟ್ಟಿಕೊಟ್ಟೆ ಅಂತ ಬರೆಯುವಾಗಲೂ ನಾಚಿಕೆಯಾಗುತ್ತೆ.

ರಾಹುಕಾಲ ಎರಡು ಗಂಟೆ!

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಪುರೋಹಿತರು ಆ ಊರಿನ ಸೂರ್ಯೋದಯ ಹಿಡಿದು ಹೊಸದಾಗಿ ಲಗ್ನ ಕಟ್ಟಿದರು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗೋದು ರಾತ್ರಿ ಒಂಬತ್ತರ ಮೇಲೆ. ಹಗಲಿನ ಎಂಟನೇ ಒಂದು ಭಾಗ ರಾಹುಕಾಲ ತಾನೇ? ಇಲ್ಲಿ ಒಂದೂವರೆ ಗಂಟೆ ಇರುವ ರಾಹು ಅಲ್ಲಿ ಸುಮಾರು ಎರಡು ಗಂಟೆ ಕೂತಿರುತ್ತಾನೆ! ತೆಂಗಿನಕಾಯಿ, ಬಾಳೆಹಣ್ಣು ಒಯ್ಯಲು ತಕರಾರಿಲ್ಲ. ಮಾವಿನಸೊಪ್ಪು, ವೀಳ್ಯದೆಲೆ, ಹೂವಿನ ಹಾರಕ್ಕೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ತುಪ್ಪದ ಡಬ್ಬ ಪೂರಾ ಬಂದ್, ಹಾಲಿನ ಪದಾರ್ಥ ಸೇರಿಸೋಲ್ಲ. ಅಲ್ಲಿನ ಬೆಣ್ಣೆಯನ್ನೇ ಕಾಯಿಸಿದೆವು. ಹಳೇ ಕಟ್ಟಡದೊಳಗೆ ಹೋಮದ ಬೆಂಕಿ ಕೂಡದು ಅಂದರು. ಹುಲ್ಲಿನ ಮೇಲೆ ಇಟ್ಟಿಗೆ ಜೋಡಿಸಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದ ಒಬ್ಬ ದಾಂಡಿಗನನ್ನು ನಿಲ್ಲಿಸಿ ಸಪ್ತಪದಿ ಆಯಿತು. ಅಜ್ಜಿ ಅವನಿಗೂ ಅಕ್ಷತೆ ಕೊಟ್ಟರು.

ಆದರೆ ಒಂದು ಮಾತು ಬಿಟ್ಟುಹೋಯಿತು. ಹೊರದೇಶದ ಮದುವೆಗೆ ಕಾನೂನಿನ ಕಾಗದ ಬೇರೆ ತಲೆನೋವು. ಅದಕ್ಕೇ ನಮ್ಮವರು ರಿಜಿಸ್ಟ್ರೇಷನ್ ಇಲ್ಲೇ ಮುಗಿಸಿಕೊಂಡರು, 1954ರ ವಿಶೇಷ ವಿವಾಹ ಕಾಯಿದೆಯಡಿ. ಮಾರ್ಚ್‌ನಲ್ಲಿ ನೋಟೀಸು ಕೊಟ್ಟು, 30 ದಿನ ಕಳೆದು, ಮೇ ಮಧ್ಯದಲ್ಲಿ ಗೆಳೆಯ ನಾಲ್ಕು ದಿನದ ಮಟ್ಟಿಗೆ ಬಂದ. ಮೂರು ಸಾಕ್ಷಿ ಬೇಕು. ಹುಡುಗಿಯ ಅಣ್ಣ, ನಾನು. ಮೂರನೆಯ ಜಾಗಕ್ಕೆ ಇಬ್ಬರು ಮಾವಂದಿರು ಜರಿಪಂಚೆ ಉಟ್ಟು ತಯಾರಾಗಿ ನಿಂತಿದ್ದರು. ಗೆಳೆಯ ಅವರನ್ನು ದಾಟಿ ಬಾಗಿಲಿಗೆ ಹೋದ. ಆಟೋರಾಜ ಖಾಕಿ ಅಂಗಿಯಲ್ಲೇ ಗಾಡಿ ಹತ್ತಿರ ನಿಂತಿದ್ದ.

"ಬಾರೋ, ಸೈನ್ ಹಾಕು."

"ನನ್ನ ಸೈನ್ ನಡೆಯುತ್ತೇನೋ? ಅವರು ನಂಬಲಿಲ್ಲವಲ್ಲ."

"ಈ ಆಫೀಸು ಬೇರೆ."

ಕನ್ನಡದಲ್ಲೇ ಹಾಕಿದ, ನಿಧಾನವಾಗಿ, ಪೂರ್ತಿ ಹೆಸರು. ಪಕ್ಕದ ನನ್ನ ಗೀಚು ಅದರ ಮುಂದೆ ಏನೂ ಅಲ್ಲ.

ಜೂನ್‌ನಲ್ಲಿ ಧಾರೆ ಮುಗಿದದ್ದು ಅಲ್ಲಿನ ಬೆಳಗ್ಗೆ ಹತ್ತಕ್ಕೆ, ಇಲ್ಲಿ ಮಧ್ಯಾಹ್ನ ಒಂದೂವರೆ. ಸರೋವರದ ದಡದಿಂದ ವಿಡಿಯೋ ಹಚ್ಚಿದೆ. ಆಟೋರಾಜ ಹೋಟೆಲಿನ ಕಟ್ಟೆ ಮೇಲೆ ಕೂತಿದ್ದ. ಗೆಳೆಯ ಪೇಟ ಸರಿಮಾಡಿಕೊಂಡು ನೀರು, ಬೆಟ್ಟ, ದೋಣಿ ಎಲ್ಲ ತೋರಿಸಿದ.

"ಚೆನ್ನಾಗಿದೆ ಕಣೋ. ಊಟಕ್ಕೇನು?"

"ಸೂಪು, ಬ್ರೆಡ್ಡು, ಏನೋ ಸೊಪ್ಪು..."

"ಇಲ್ಲಿ ಬಿಸಿಬೇಳೆಬಾತು. ತಣ್ಣಗಾಗುತ್ತೆ, ಇಡ್ಲಾ?" ಅಂದು ಫೋನ್ ಕುಕ್ಕಿಯೇಬಿಟ್ಟ.